ಬೋರಿನ ಮೋಟರಿಗೆ ಇನ್ವರ್ಟರ್ ಬೇಕೇ?

ಬಿಸಿಲು ಏರುತ್ತಿದ್ದಂತೆ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಇನ್ವರ್ಟರ್ ವಿಚಾರಿಸುವವರು ಹೆಚ್ಚುತ್ತಾರೆ. ಎರಡು ಫ್ಯಾನು, ನಾಲ್ಕು ದೀಪ ನಡೆದರೆ ಸಾಕೆನ್ನುವ ಕಾಲ ಹಿಂದೆ ಸರಿಯಿತು. ಕರೆಂಟು ಹೋದಾಗ ಫ್ರಿಜ್ಜೂ ನಿಲ್ಲಬಾರದು, ಬೋರಿನ ಮೋಟರೂ ನೀರೆತ್ತಬೇಕು, ಎರಡಕ್ಕೂ ಸೇರಿ ಒಂದು ಇನ್ವರ್ಟರ್ ಹೇಳಿ ಎಂಬುದು ಈಗಿನ ಕೇಳಿಕೆ. ಈ ಆಸೆಯಲ್ಲಿ ಅತಿಯಾದದ್ದೇನೂ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರುಗಳು ನಮ್ಮವು. ನೀರಿಲ್ಲದೆ ಒಂದು ದಿನ ಕಳೆಯಲಾಗದು, ಹೊರಗಿಟ್ಟ ಹಾಲು ಮಧ್ಯಾಹ್ನದವರೆಗೆ ಉಳಿಯದು. ಆದರೆ ಫ್ರಿಜ್ಜು ಮತ್ತು ಮೋಟರು ಕರೆಂಟನ್ನು ಬಳಸುವ ರೀತಿ ಒಂದೇ ಅಲ್ಲ. ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆದು ವಾಟ್ ಕೂಡಿಸಿದರೆ ಲೆಕ್ಕ ತಪ್ಪುತ್ತದೆ, ದುಡ್ಡೂ ಕೈಬಿಡುತ್ತದೆ. ಮನೆಯ ಇನ್ವರ್ಟರನ್ನು ಫ್ರಿಜ್ಜು, ಫ್ಯಾನು, ದೀಪದ ಅಳತೆಗೆ ಕೊಳ್ಳಬೇಕು. ಬೋರಿನ ಮೋಟರನ್ನು ಆ ಅಳತೆಯಿಂದ ಹೊರಗಿಟ್ಟು, ಹಾಗೆ ಉಳಿಯುವ ಹಣದ ಒಂದು ಸಣ್ಣ ಪಾಲನ್ನು ಮಾಳಿಗೆಯ ಮೇಲಿನ ನೀರಿನ ಟ್ಯಾಂಕಿಗೆ ಹಾಕಬೇಕು. ಇದು ನನ್ನ ವಾದ. ಇದಕ್ಕೆ ಕಾರಣಗಳನ್ನೂ, ಇದರ ಎದುರು ಬರುವ ಮಾತುಗಳನ್ನೂ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಕರೆಂಟು ಹೋಗುವ ಬಗೆಯನ್ನು ನೋಡೋಣ. ಬಳ್ಳಾರಿಯಿಂದ ಹೊಸಪೇಟೆ ಕಡೆಗೆ ಹೊರಟರೆ ಸಿಗುವ ಕುಡತಿನಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮದ ಉಷ್ಣ ವಿದ್ಯುತ್ ಸ್ಥಾವರವಿದೆ. 500 ಮೆಗಾವಾಟಿನ ಎರಡು ಘಟಕ, 700 ಮೆಗಾವಾಟಿನ ಒಂದು, ಒಟ್ಟು 1,700 ಮೆಗಾವಾಟ್. ಇಷ್ಟು ದೊಡ್ಡ ಸ್ಥಾವರ ಬಗಲಲ್ಲೇ ಇದ್ದೂ ನಮ್ಮ ಓಣಿಯಲ್ಲಿ ಕತ್ತಲೇಕೆ ಎಂದು ಜನ ಕೇಳುವುದು ಸಹಜ. ಅಲ್ಲಿ ಹುಟ್ಟಿದ ವಿದ್ಯುತ್ತು ರಾಜ್ಯದ ಜಾಲಕ್ಕೆ ಸೇರಿಹೋಗುತ್ತದೆ. ನಮ್ಮ ಮನೆಗೆ ಬರುವ ವಿದ್ಯುತ್ತು ಸರಬರಾಜು ಕಂಪನಿಯಾದ ಜೆಸ್ಕಾಂನ ಸಬ್‌ಸ್ಟೇಷನ್, 11 ಕಿಲೋವೋಲ್ಟಿನ ಫೀಡರು, ಓಣಿಯ ಟ್ರಾನ್ಸ್‌ಫಾರ್ಮರ್ (ಟಿಸಿ), ಕಂಬದ ತಂತಿ, ಇಷ್ಟನ್ನೂ ದಾಟಿ ಬರಬೇಕು. ಬಹುಪಾಲು ತೊಂದರೆ ಆಗುವುದು ಈ ಕೊನೆಯ ದಾರಿಯಲ್ಲಿ. ಮುಂಗಾರಿಗೆ ಮೊದಲಿನ ಬಿರುಗಾಳಿಗೆ ಕೊಂಬೆ ಮುರಿದು ತಂತಿಯ ಮೇಲೆ ಬೀಳುತ್ತದೆ, ಹೊರೆ ತಾಳದೆ ಟಿಸಿ ಸುಡುತ್ತದೆ, ಇಲ್ಲವೇ ದುರಸ್ತಿಗೆಂದು ಜೆಸ್ಕಾಂ ಮೊದಲೇ ಪ್ರಕಟಣೆ ಕೊಟ್ಟು ಹಗಲೆಲ್ಲ ಲೈನು ತೆಗೆಯುತ್ತದೆ. 2023ರ ಬರದಂಥ ವರ್ಷದಲ್ಲಿ ಉತ್ಪಾದನೆಯೇ ಸಾಲದೆ ಪಂಪ್‌ಸೆಟ್ಟುಗಳ ತ್ರೀ ಫೇಸ್ ಸರಬರಾಜು ದಿನಕ್ಕೆ 7 ಗಂಟೆಯಿಂದ 5 ಗಂಟೆಗೆ ಇಳಿದದ್ದುಂಟು. ಆದರೂ ಮನೆಯ ಮಟ್ಟಿಗೆ ಕರೆಂಟು ಹೋದರೆ ಒಂದೆರಡು ಗಂಟೆ, ಹೆಚ್ಚೆಂದರೆ ಬೆಳಿಗ್ಗೆಯಿಂದ ಸಂಜೆವರೆಗೆ. ಇನ್ವರ್ಟರ್ ಆರಿಸುವವರು ಮೊದಲು ಈ ಅವಧಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಏಕೆಂದರೆ ಏಳೆಂಟು ಗಂಟೆ ಕಾಯಬಲ್ಲ ಕೆಲಸಕ್ಕೂ, ಒಂದು ಗಂಟೆಯೂ ಕಾಯಲಾರದ ಕೆಲಸಕ್ಕೂ ಒಂದೇ ಉಪಾಯ ಹೊಂದುವುದಿಲ್ಲ.

ಇನ್ನು ಮೋಟರಿನ ಸ್ವಭಾವ. ಒಂದು ಎಚ್‌ಪಿ ಎಂದರೆ 746 ವಾಟ್. ಹಾಗಾದರೆ 900 ಅಥವಾ 1,100 ವಿಎ ಇನ್ವರ್ಟರ್ ಸಾಕಲ್ಲವೇ ಎಂದು ಅನ್ನಿಸುತ್ತದೆ. 746 ವಾಟ್ ಎನ್ನುವುದು ಮೋಟರಿನ ಶಾಫ್ಟಿನಲ್ಲಿ ಸಿಗುವ ಶಕ್ತಿ. ಅಷ್ಟನ್ನು ಕೊಡಲು ಸಣ್ಣ ಸಿಂಗಲ್ ಫೇಸ್ ಸಬ್‌ಮರ್ಸಿಬಲ್ ಮೋಟರು ತಂತಿಯಿಂದ ಎಳೆದುಕೊಳ್ಳುವುದು 1,100ರಿಂದ 1,300 ವಾಟ್. ಅದೂ ಓಟ ಹಿಡಿದ ಮೇಲಿನ ಮಾತು. ಭತ್ತ ಹೇರಿದ ಬಂಡಿಯನ್ನು ನಿಂತ ಜಾಗದಿಂದ ಕದಲಿಸುವಾಗ ಎತ್ತುಗಳು ಹಾಕುವ ಬಲವನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ನಿಂತ ಮೋಟರು ತಿರುಗತೊಡಗುವ ಆ ಅರ್ಧ, ಮುಕ್ಕಾಲು ಸೆಕೆಂಡಿನಲ್ಲಿ ಅದು ತನ್ನ ಮಾಮೂಲಿ ಕರೆಂಟಿನ ನಾಲ್ಕರಿಂದ ಆರು ಪಟ್ಟು ಕೇಳುತ್ತದೆ. ಓಡುವಾಗ ಏಳೆಂಟು ಆಂಪಿಯರ್ ಎಳೆಯುವ ಒಂದು ಎಚ್‌ಪಿ ಮೋಟರು ಶುರುವಾಗುವಾಗ 30 ಆಂಪಿಯರ್ ಕೇಳಿದರೆ, 230 ವೋಲ್ಟಿನಲ್ಲಿ ಅದು ಸುಮಾರು 7,000 ವಿಎ. ಆ ಕ್ಷಣದಲ್ಲಿ ಸಣ್ಣ ಇನ್ವರ್ಟರ್ ಏನು ಮಾಡುತ್ತದೆ? ಒಳ್ಳೆಯದಾದರೆ ಓವರ್‌ಲೋಡ್ ಎಂದು ಕೂಗಿ ತಾನೇ ಬಂದ್ ಆಗುತ್ತದೆ. ಇಲ್ಲದಿದ್ದರೆ ವೋಲ್ಟೇಜು ಕುಸಿಯುತ್ತದೆ. ಮೋಟರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ 230 ವೋಲ್ಟು 160ಕ್ಕೆ ಬಂದರೆ ಬಲ ಅರ್ಧಕ್ಕೂ ಕಡಿಮೆ. ಮೋಟರು ತಿರುಗದೆ ಗುಂಯ್‌ಗುಡುತ್ತ ನಿಂತು, ಅಷ್ಟೂ ಕರೆಂಟು ಸುರುಳಿಯಲ್ಲಿ ಬಿಸಿಯಾಗಿ, ಕಾಯಿಲ್ ಸುಡುತ್ತದೆ. ನೂರು ಮೀಟರ್ ಆಳಕ್ಕೆ ಇಳಿದ ಕೇಬಲ್ಲಿನಲ್ಲಿ ಇನ್ನಷ್ಟು ವೋಲ್ಟೇಜು ನಷ್ಟವಾಗುತ್ತದೆಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ಸುಟ್ಟ ಮೋಟರನ್ನು ಬೋರಿನಿಂದ ಮೇಲೆತ್ತುವ ಕೂಲಿ, ರಿವೈಂಡಿಂಗ್ ಖರ್ಚು ಎಷ್ಟೆಂದು ನಮ್ಮ ಕಡೆಯವರಿಗೆ ಗೊತ್ತಿರುವುದೇ. ಹೀಗಾಗಿ ಒಂದು ಎಚ್‌ಪಿ ಬೋರಿಗೆ ನಂಬಿಕೆಯಿಂದ ಹೇಳಬಹುದಾದ ಇನ್ವರ್ಟರ್ ಎಂದರೆ 5 ಕೆವಿಎ ಅಳತೆಯದು, 48 ವೋಲ್ಟಿನದು, ಅಂದರೆ ಸಾಲಾಗಿ ನಾಲ್ಕು ಬ್ಯಾಟರಿ. 12 ವೋಲ್ಟಿನ ಒಂದೇ ಬ್ಯಾಟರಿಯಿಂದ ಆ 7,000 ವಿಎ ಎಳೆಯಬೇಕಾದರೆ ತಂತಿಯಲ್ಲಿ ಹರಿಯಬೇಕಾದದ್ದು ಸುಮಾರು 600 ಆಂಪಿಯರ್. ಮನೆಯ ಬ್ಯಾಟರಿಯಾಗಲಿ ಅದರ ಕೇಬಲ್ಲಾಗಲಿ ಅದಕ್ಕೆಂದು ಮಾಡಿದ್ದಲ್ಲ. ನಾಲ್ಕು ಬ್ಯಾಟರಿ, ದೊಡ್ಡ ಇನ್ವರ್ಟರ್ ಎಂದರೆ ಲಕ್ಷ ರೂಪಾಯಿ ಆಸುಪಾಸಿನ ಮಾತು.

ಆ ಲಕ್ಷ ರೂಪಾಯಿಗೆ ಸಿಗುವುದೇನು? ದಿನಕ್ಕೆ ಅರ್ಧ ಗಂಟೆ ಓಡುವ ಮೋಟರು. ನೀರಿನ ಲೆಕ್ಕವನ್ನೇ ಹಾಕೋಣ. ಸಾವಿರ ಲೀಟರ್ ನೀರನ್ನು 60 ಮೀಟರ್ ಮೇಲೆತ್ತಲು ಭೌತಶಾಸ್ತ್ರ ಕೇಳುವ ಶಕ್ತಿ ಒಂದು ಯೂನಿಟ್ಟಿನ ಆರನೇ ಒಂದು ಪಾಲು. ಸಣ್ಣ ಪಂಪಿನಲ್ಲೂ ಪೈಪಿನಲ್ಲೂ ಆಗುವ ನಷ್ಟವನ್ನೆಲ್ಲ ಹಿಡಿದರೂ ಅರ್ಧ ಯೂನಿಟ್ಟಿನಷ್ಟಾಗುತ್ತದೆ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರ ಇಟ್ಟುಕೊಂಡಿರುವ ಅಳತೆ. ಹಳ್ಳಿಯಲ್ಲಿ ಜಲಜೀವನ್ ಮಿಷನ್ ಹೇಳುವುದು 55 ಲೀಟರ್. ಐದು ಜನರ ನಗರದ ಮನೆಗೆ 675 ಲೀಟರ್ ಆಯಿತು. ಮಾಳಿಗೆಯ ಮೇಲಿನ ಸಾವಿರ ಲೀಟರಿನ ಟ್ಯಾಂಕು ತುಂಬಿದ್ದರೆ ಇವತ್ತು ಬೆಳಿಗ್ಗೆ ಹೋದ ಕರೆಂಟು ನಾಳೆ ಮಧ್ಯಾಹ್ನ ಬಂದರೂ ನಲ್ಲಿ ಒಣಗುವುದಿಲ್ಲ. ಆ ಟ್ಯಾಂಕಿನ ಬೆಲೆ ಒಂದು ಟ್ಯೂಬುಲರ್ ಬ್ಯಾಟರಿಗಿಂತ ಕಡಿಮೆ. ಬ್ಯಾಟರಿ ನಾಲ್ಕೈದು ವರ್ಷಕ್ಕೆ ಸಾಯುತ್ತದೆ, ಟ್ಯಾಂಕು ಅದರ ಎರಡು ಮೂರು ಪಟ್ಟು ಬಾಳುತ್ತದೆ. ಬ್ಯಾಟರಿಗೆ ತುಂಬಿ ಮತ್ತೆ ಹೊರತೆಗೆಯುವಾಗ ಕಾಲು ಭಾಗಕ್ಕಿಂತ ಹೆಚ್ಚು ವಿದ್ಯುತ್ತು ಬಿಸಿಯಾಗಿ ಕಳೆದುಹೋಗುತ್ತದೆ. ಮೇಲೆತ್ತಿಟ್ಟ ನೀರು ಮಾತ್ರ ಯಾವ ಯಂತ್ರವೂ ಇಲ್ಲದೆ ತಾನಾಗಿ ಕೆಳಗಿಳಿಯುತ್ತದೆ. ಎತ್ತರದಲ್ಲಿಟ್ಟ ನೀರೇ ಕೂಡಿಟ್ಟ ವಿದ್ಯುತ್ತು. ಬಳ್ಳಾರಿ ನಗರ ಬದುಕುವುದೂ ಇದೇ ಲೆಕ್ಕದ ಮೇಲೆ: ತುಂಗಭದ್ರಾ ಕಾಲುವೆ ನಿಲ್ಲುವ ಬೇಸಿಗೆಗೆಂದು ಅಲ್ಲೀಪುರದ ಕೆರೆಯಲ್ಲಿ ನೀರು ತುಂಬಿಟ್ಟುಕೊಳ್ಳುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಕೂಡಿಟ್ಟ ನೀರಿನ ಬೆಲೆ ಏನೆಂದು ಇಡೀ ಸೀಮೆಗೆ ತಿಳಿಯಿತು.

ಊರಿಂದೂರಿಗೆ ಈ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಬಳ್ಳಾರಿ ಗುಡ್ಡ, ಕುಂಬಾರ ಗುಡ್ಡದ ಸುತ್ತಿನ ನೆಲವಾಗಲಿ, ಕುರುಗೋಡಿನ ಬೆಟ್ಟಸಾಲಾಗಲಿ ಗಟ್ಟಿ ಕಲ್ಲಿನ ಸೀಮೆ. ಇಲ್ಲಿ ನೀರು ಕಲ್ಲಿನ ಬಿರುಕುಗಳಲ್ಲಿ ಮಾತ್ರ ಇರುತ್ತದೆ. ಬೇಸಿಗೆಯಲ್ಲಿ ಮಟ್ಟ ಇಳಿಯುತ್ತದೆ, ಇಳುವರಿ ತಗ್ಗುತ್ತದೆ. ಇಂಥ ಬೋರಿನಲ್ಲಿ ಬೇಕೆಂದಾಗ ಬೇಕಷ್ಟು ಎತ್ತುತ್ತೇನೆಂದರೆ ನೀರೇ ಸಿಗದು. ಸಬ್‌ಮರ್ಸಿಬಲ್ ಮೋಟರು ತಣ್ಣಗಿರುವುದು ಸುತ್ತಲಿನ ನೀರಿನಿಂದಲೇ ಆದ್ದರಿಂದ ಬರಿದಾದ ಬೋರಿನಲ್ಲಿ ಓಡಿದರೆ ಅದು ಸುಟ್ಟೇ ಹೋಗುತ್ತದೆ. ನೀರು ಊರಲು ಬಿಡುವು ಕೊಟ್ಟು, ಕರೆಂಟಿರುವಾಗ ಎರಡು ಮೂರು ಸಲ ಸ್ವಲ್ಪ ಸ್ವಲ್ಪ ಎತ್ತಿ ಟ್ಯಾಂಕಿಗೆ ತುಂಬುವುದೇ ಅಲ್ಲಿ ಸರಿಯಾದ ಕ್ರಮ. ಇನ್ವರ್ಟರ್ ಇದ್ದರೂ ಇಲ್ಲದಿದ್ದರೂ ಟ್ಯಾಂಕು ಬೇಕೇ ಬೇಕು. ಸಿರುಗುಪ್ಪದ ಕಡೆ ತುಂಗಭದ್ರಾ ಕೆಳಮಟ್ಟದ ಕಾಲುವೆ (ಎಲ್‌ಎಲ್‌ಸಿ) ಹರಿಯುವ ಎರೆನೆಲದಲ್ಲಿ ನೀರು ಮೇಲೇ ಸಿಗುವ ಜಾಗಗಳಿವೆ. ಅಲ್ಲಿ ಎತ್ತರ ಕಡಿಮೆ, ಹಾಗಾಗಿ ಅರ್ಧ ಎಚ್‌ಪಿ ಮೋಟರೇ ಸಾಕಾಗಬಹುದು. ಅಂಥ ಮನೆಗೆ ನನ್ನ ವಾದ ಅಷ್ಟು ಬಿಗಿಯಾಗಿ ಅನ್ವಯಿಸುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಹೊಲದ ಐದು, ಏಳೂವರೆ ಎಚ್‌ಪಿ ತ್ರೀ ಫೇಸ್ ಮೋಟರಿನ ವಿಷಯವೇ ಬೇರೆ; ಅದಕ್ಕೆ ಮನೆಯ ಇನ್ವರ್ಟರ್ ಜೋಡಿಸುವ ಯೋಚನೆಯನ್ನೇ ಬಿಡಬೇಕು.

ಈಗ ಫ್ರಿಜ್ಜಿಗೆ ಬರೋಣ. ಫ್ರಿಜ್ಜು ತನ್ನೊಳಗೆ ತಂಪನ್ನು ಕೂಡಿಡುತ್ತದೆ ನಿಜ. ಬಾಗಿಲು ತೆರೆಯದಿದ್ದರೆ ಸುಮಾರು ನಾಲ್ಕು ಗಂಟೆ ಆಹಾರ ಕೆಡದು ಎಂಬುದು ಸಾಮಾನ್ಯ ಲೆಕ್ಕ. ಬಳ್ಳಾರಿಯ ಮೇ ತಿಂಗಳಲ್ಲಿ, ಮಕ್ಕಳು ನೀರಿಗೆಂದು ಬಾಗಿಲು ತೆರೆಯುತ್ತಲೇ ಇರುವ ಮನೆಯಲ್ಲಿ ಅಷ್ಟನ್ನು ನೆಚ್ಚಬಾರದು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಲಸಿಕೆ ಇಡುವ ಐಎಲ್‌ಆರ್ ಪೆಟ್ಟಿಗೆಯನ್ನು ಗಮನಿಸಿ. ಅದರ ಗೋಡೆಯೊಳಗೆ ಮಂಜುಗಡ್ಡೆಯ ಪದರವಿದೆ, ಬಾಗಿಲು ಮೇಲಕ್ಕೆ ತೆರೆಯುತ್ತದೆ. ದಿನಕ್ಕೆ ಎಂಟು ಗಂಟೆ ಕರೆಂಟು ಸಿಕ್ಕರೂ 2ರಿಂದ 8 ಡಿಗ್ರಿಯ ತಂಪನ್ನು ಕಾಯುವಂತೆ ಅದನ್ನು ರೂಪಿಸಿದ್ದಾರೆ. ಮನೆಯ ಫ್ರಿಜ್ಜನ್ನು ಹಾಗೆ ರೂಪಿಸಿಲ್ಲ. ನೀರಿಗೆ ಟ್ಯಾಂಕು ಇರುವಂತೆ ಮನೆಯ ತಂಪಿಗೆ ಅಗ್ಗದ ಕಣಜವಿಲ್ಲ. ಆದ್ದರಿಂದ ಇನ್ವರ್ಟರಿನ ಮೇಲೆ ನಿಜವಾದ ಹಕ್ಕು ಫ್ರಿಜ್ಜಿನದು. ಮನೆಯಲ್ಲಿ ಇನ್ಸುಲಿನ್ ಇದ್ದರಂತೂ ಈ ಮಾತಿಗೆ ಎರಡನೆಯ ಯೋಚನೆ ಬೇಡ. ಅದಕ್ಕೆ ತಕ್ಕಂತೆ ಫ್ರಿಜ್ಜಿನ ಬೇಡಿಕೆಯೂ ಸಣ್ಣದು. 200 ಲೀಟರಿನ ಸಿಂಗಲ್ ಡೋರ್ ಫ್ರಿಜ್ಜಿನ ಕಂಪ್ರೆಸರ್ ಓಡುವಾಗ ಎಳೆಯುವುದು 100 ವಾಟಿನ ಸುತ್ತಮುತ್ತ, ಅದೂ ಅರ್ಧ ಹೊತ್ತು ಮಾತ್ರ. ಶುರುವಾಗುವ ಕ್ಷಣದಲ್ಲಿ ಇದೂ ಹಲವು ಪಟ್ಟು ಕೇಳುತ್ತದೆ. ಆದರೆ ನೂರರ ಆರೇಳು ಪಟ್ಟು ಎಂದರೆ ಆರೇಳು ನೂರು, ಅದನ್ನು 1,100 ವಿಎ ಇನ್ವರ್ಟರ್ ಹೊರುತ್ತದೆ. ಈಗ ಬರುವ ಇನ್ವರ್ಟರ್ ಕಂಪ್ರೆಸರಿನ ಫ್ರಿಜ್ಜುಗಳು ಮೆಲ್ಲಗೆ ವೇಗ ಹಿಡಿಯುವುದರಿಂದ ಆ ಎಳೆತವೂ ಇರುವುದಿಲ್ಲ. ಫ್ರಿಜ್ಜಿಗೆ ಸರಾಸರಿ 50 ವಾಟ್, ಎರಡು ಫ್ಯಾನಿಗೆ 150, ದೀಪಕ್ಕೆ 40 ಎಂದು ಹಿಡಿದರೆ 240 ವಾಟ್, ನಾಲ್ಕು ಗಂಟೆಗೆ ಒಂದು ಯೂನಿಟ್ಟಿಗೆ ತುಸು ಕಡಿಮೆ. 150 ಎಎಚ್ ಬ್ಯಾಟರಿಯ ಮೇಲೆ ಬರೆದ ಲೆಕ್ಕದಲ್ಲಿ 1.8 ಯೂನಿಟ್ ಇದ್ದರೂ ಅದಕ್ಕೆ ಕೆಡುಕಾಗದಂತೆ ತೆಗೆಯಬಹುದಾದದ್ದು ಒಂದು ಯೂನಿಟ್ಟಿನಷ್ಟು. ಅಲ್ಲಿಗೆ ಒಂದು ಬ್ಯಾಟರಿ ನಾಲ್ಕು ಗಂಟೆಗೆ ಸರಿಹೋಯಿತು. ಹಗಲೆಲ್ಲ ಕರೆಂಟು ಹೋಗುವ ದಿನ ಫ್ಯಾನು ಹಿಡಿತದಲ್ಲಿಟ್ಟರೆ ಫ್ರಿಜ್ಜನ್ನು ಸಂಜೆಗೆ ಮುಟ್ಟಿಸಬಹುದು. ಎರಡು ಫ್ರಿಜ್ಜು, ಅಥವಾ ಹಾಲಿನ ಅಂಗಡಿಯ ಡೀಪ್ ಫ್ರೀಜರ್ ಇದ್ದವರು 24 ವೋಲ್ಟಿನ, 1,600ರಿಂದ 2,000 ವಿಎ ಅಳತೆಗೆ, ಎರಡು ಬ್ಯಾಟರಿಗೆ ಹೋಗಲಿ. ಎರಡೂ ಕಂಪ್ರೆಸರ್ ಒಟ್ಟಿಗೆ ಶುರುವಾದರೂ ಅದು ತಡೆಯುತ್ತದೆ. ಒಂದು ವಿಷಯದಲ್ಲಿ ಮಾತ್ರ ದುಡ್ಡು ಉಳಿಸಬಾರದು: ಇನ್ವರ್ಟರ್ ಪ್ಯೂರ್ ಸೈನ್ ವೇವ್ ಆಗಿರಬೇಕು. ಸ್ಕ್ವೇರ್ ವೇವ್ ಅಗ್ಗ, ದೀಪಕ್ಕೆ ನಡೆಯುತ್ತದೆ. ಕಂಪ್ರೆಸರನ್ನು ಅದು ಬಿಸಿ ಮಾಡಿ ಬೇಗ ಸವೆಸುತ್ತದೆ.

ಇದಕ್ಕೆ ಎದುರಾಗಿ ಮೊದಲು ಬರುವ ಮಾತು, ಪಕ್ಕದ ಮನೆಯವರ ಎರಡು ಕೆವಿಎ ಇನ್ವರ್ಟರಿನಲ್ಲಿ ಮೋಟರು ನಡೆಯುತ್ತಿದೆಯಲ್ಲ ಎಂಬುದು. ನಡೆಯುತ್ತಿರಬಹುದು. ಹೆಚ್ಚಿನಂಶ ಅದು ಸಂಪಿನಿಂದ ಮಾಳಿಗೆಗೆ ನೀರು ಏರಿಸುವ ಅರ್ಧ ಎಚ್‌ಪಿ ಮೋಟರು, ಬೋರಿನದಲ್ಲ. ಇದರಿಂದ ಒಂದು ಒಳ್ಳೆಯ ದಾರಿಯೂ ತೋರುತ್ತದೆ: ಬೋರನ್ನು ಕರೆಂಟಿರುವಾಗ ಓಡಿಸಿ ಸಂಪು ತುಂಬಿಸಿಕೊಂಡು, ತುರ್ತಿಗೆ ಆ ಸಣ್ಣ ಮೋಟರನ್ನು ಹತ್ತು ನಿಮಿಷ ಇನ್ವರ್ಟರಿನಲ್ಲಿ ನಡೆಸುವುದು. ಎರಡನೆಯದು, ಬಾಡಿಗೆ ಮನೆಯವರು, ಮಾಳಿಗೆಯಲ್ಲಿ ಜಾಗವಿಲ್ಲದವರು ಏನು ಮಾಡಬೇಕೆಂಬ ಪ್ರಶ್ನೆ. ಸ್ನಾನದ ಮನೆಯ ಅಟ್ಟದ ಮೇಲೆ ಕೂರುವ 200 ಲೀಟರಿನ ಡ್ರಮ್ಮು ಕೂಡ ಅಡುಗೆಗೂ ಶೌಚಕ್ಕೂ ಒಂದು ದಿನ ದಾಟಿಸುತ್ತದೆ, ಮನೆ ಬಿಡುವಾಗ ಜೊತೆಗೆ ಬರುತ್ತದೆ. ಕೂಡಿಟ್ಟ ನೀರಿನಲ್ಲಿ ಸೊಳ್ಳೆ ಆಗುವುದಿಲ್ಲವೇ ಎನ್ನುವವರೂ ಇದ್ದಾರೆ. ಡೆಂಗಿಯ ಕಾಲದಲ್ಲಿ ಇದು ಹಗುರಾದ ಮಾತಲ್ಲ. ಮುಚ್ಚಳ ಬಿಗಿಯಾಗಿರಬೇಕು, ಹೊರಪೈಪಿಗೆ ಜಾಲರಿ ಇರಬೇಕು, ವಾರಕ್ಕೊಮ್ಮೆಯಾದರೂ ಟ್ಯಾಂಕು ತೊಳೆಯಬೇಕು. ಎಲ್ಲಕ್ಕಿಂತ ಬಲವಾದ ಆಕ್ಷೇಪ ಬೇರೆ ಕಡೆಯಿಂದ ಬರುತ್ತದೆ. ನರ್ಸಿಂಗ್ ಹೋಮು, ಖಾನಾವಳಿ, ಹತ್ತಾರು ಎಮ್ಮೆ ಕಟ್ಟಿದವರು, ಇವರಿಗೆ ಸಾವಿರ ಲೀಟರ್ ಯಾವ ಮೂಲೆಗೂ ಸಾಲದು. ನೀರು ನಿಂತರೆ ಅವರ ಕೆಲಸವೇ ನಿಲ್ಲುತ್ತದೆ. ಅವರು ಮೋಟರಿಗೆ ಬದಲಿ ಶಕ್ತಿ ಇಟ್ಟುಕೊಳ್ಳಲೇಬೇಕು. ಆದರೆ ದಿನಕ್ಕೆ ಒಂದೆರಡು ಗಂಟೆ ಓಡುವ ದೊಡ್ಡ ಮೋಟರಿಗೆ ನಾಲ್ಕೆಂಟು ಬ್ಯಾಟರಿ ಸಾಕುವುದಕ್ಕಿಂತ ಡೀಸೆಲ್ ಜನರೇಟರ್ ಅಗ್ಗ, ಗಟ್ಟಿ. ಅಲ್ಲಿಯೂ ಜನರೇಟರಿನ ಅಳತೆಯನ್ನು ಶುರುವಾತಿನ ಕರೆಂಟಿಗೆ ನೋಡಬೇಕು, ಎಚ್‌ಪಿಗಲ್ಲ.

ಸೋಲಾರ್ ಇದ್ದರೆ ಇದೆಲ್ಲ ಏಕೆ ಎಂದು ಕೇಳಬಹುದು. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿನ ಮಾಳಿಗೆ ಸೋಲಾರಿಗೆ 78,000 ರೂಪಾಯಿ ಸಹಾಯಧನವೂ ಇದೆ. ಆದರೆ ಅನೇಕರಿಗೆ ತಿಳಿಯದ ಸಂಗತಿಯೊಂದಿದೆ. ಜಾಲಕ್ಕೆ ಜೋಡಿಸಿದ ಸಾಮಾನ್ಯ ಸೋಲಾರ್ ಇನ್ವರ್ಟರ್ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ, ನೆತ್ತಿಯ ಮೇಲೆ ಸೂರ್ಯ ಉರಿಯುತ್ತಿದ್ದರೂ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮ್ಯಾನ್ ಸಾಯಬಾರದೆಂದೇ ಈ ನಿಯಮ. ಕರೆಂಟಿಲ್ಲದಾಗಲೂ ನಡೆಯಬೇಕಾದರೆ ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಕೇಳಿ ಹಾಕಿಸಬೇಕು. ಬೋರಿನ ಮಟ್ಟಿಗೆ ಮಾತ್ರ ಸೋಲಾರಿನಿಂದ ಬೇರೊಂದು ನೇರ ದಾರಿಯಿದೆ: ಬ್ಯಾಟರಿಯೇ ಇಲ್ಲದ ಸೋಲಾರ್ ಪಂಪು. ಅದರ ಕಂಟ್ರೋಲರ್ ಮೋಟರಿನ ವೇಗವನ್ನು ಸೊನ್ನೆಯಿಂದ ಮೆಲ್ಲಗೆ ಏರಿಸುವುದರಿಂದ ಆರು ಪಟ್ಟು ಎಳೆತದ ಸಮಸ್ಯೆಯೇ ಹುಟ್ಟುವುದಿಲ್ಲ. ಮೋಟರು ಮಾತ್ರ ಅದಕ್ಕೆ ಒಗ್ಗುವಂಥದ್ದಾಗಿರಬೇಕು, ಈಗಿರುವ ಸಿಂಗಲ್ ಫೇಸ್ ಮೋಟರು ನಡೆಯದು. ಬಿಸಿಲಿರುವಾಗ ನೀರು ಟ್ಯಾಂಕಿಗೆ ಏರುತ್ತದೆ, ರಾತ್ರಿ ಇಳಿಯುತ್ತದೆ. ಇಲ್ಲಿಯೂ ಕೂಡಿಡುವುದು ನೀರನ್ನೇ ಎಂಬುದನ್ನು ನೀವು ಗಮನಿಸಿರಬಹುದು.

ಕೊಂಡ ಮೇಲಿನ ಮಾತುಗಳು ಮೂರಿವೆ. ಬ್ಯಾಟರಿಯ ಅಳತೆಯನ್ನು ನಮ್ಮ ದೇಶದಲ್ಲಿ 27 ಡಿಗ್ರಿಯಲ್ಲಿ ಹೇಳುತ್ತಾರೆ. ಅದರ ಮೇಲೆ ಸುಮಾರು ಹತ್ತು ಡಿಗ್ರಿ ಏರಿದರೆ ಸೀಸದ ಬ್ಯಾಟರಿಯ ಆಯುಸ್ಸು ಅರ್ಧಕ್ಕೆ ಬರುತ್ತದೆ. ತಗಡಿನ ಕೋಣೆಯಲ್ಲೋ ಪಡುವಣ ಬಿಸಿಲು ಬಡಿಯುವ ಗೋಡೆಗೋ ಇಟ್ಟರೆ ಐದು ವರ್ಷದ ಬ್ಯಾಟರಿ ಎರಡೂವರೆ ವರ್ಷಕ್ಕೆ ಮುಗಿಯುವುದು ಇದೇ ಕಾರಣಕ್ಕೆ. ಮನೆಯ ತಂಪಾದ ಮೂಲೆಯಲ್ಲಿ, ಗಾಳಿಯಾಡುವಲ್ಲಿ ಇಡಬೇಕು. ಚಾರ್ಜ್ ಆಗುವಾಗ ಹೊರಡುವ ಹೈಡ್ರೋಜನ್ ಬೆಂಕಿ ಹತ್ತುವ ಅನಿಲವಾದ್ದರಿಂದ ದೇವರ ದೀಪದ ಬಳಿ ಕೂಡದು. ನೀರು ಕಡಿಮೆಯಾದಾಗ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ನಮ್ಮ ಬೋರಿನ ಗಡಸು ನೀರು ಬ್ಯಾಟರಿಯ ಫಲಕಗಳನ್ನು ಹಾಳುಮಾಡುತ್ತದೆ. ಇನ್ನೊಂದು, ಇನ್ವರ್ಟರಿನ ಹಿಂಬದಿಯ ಮೋಡ್ ಸ್ವಿಚ್ಚು. ಸಾಧಾರಣ ಮೋಡಿನಲ್ಲಿ 120, 130 ವೋಲ್ಟಿನ ಕರೆಂಟನ್ನೂ ಅದು ಹಾಗೆಯೇ ಫ್ರಿಜ್ಜಿಗೆ ಬಿಡುತ್ತದೆ. ಯುಪಿಎಸ್ ಮೋಡಿಗೆ ಇಟ್ಟರೆ 180ಕ್ಕಿಂತ ಇಳಿದ ಕೂಡಲೇ ಬ್ಯಾಟರಿಗೆ ಬದಲಾಗುತ್ತದೆ. ಲೋ ವೋಲ್ಟೇಜು ದಿನದ ಪಾಡಾಗಿರುವ ಓಣಿಗಳಲ್ಲಿ ಹೀಗೆ ಬ್ಯಾಟರಿ ಪದೇ ಪದೇ ಖಾಲಿಯಾಗಬಹುದು. ಅಲ್ಲಿ ಇನ್ವರ್ಟರಿಗಿಂತ ಮೊದಲು ಸ್ಟೆಬಿಲೈಸರ್ ಕೊಳ್ಳುವುದೇ ಸರಿ. ಕೊನೆಯದಾಗಿ, ಜನರೇಟರ್ ಇಡುವವರು ಚೇಂಜ್‌ಓವರ್ ಸ್ವಿಚ್ಚಿಲ್ಲದೆ ಅದನ್ನು ಮನೆಯ ವೈರಿಂಗಿಗೆ ಜೋಡಿಸಲು ಯಾವ ಮೆಕ್ಯಾನಿಕ್‌ಗೂ ಒಪ್ಪಿಗೆ ಕೊಡಬೇಡಿ. ಆ ಸ್ವಿಚ್ಚಿಲ್ಲದಿದ್ದರೆ ನಿಮ್ಮ 230 ವೋಲ್ಟು ಓಣಿಯ ಟಿಸಿಯನ್ನು ಹಿಂದುಮುಂದಾಗಿ ಹೊಕ್ಕು 11,000 ವೋಲ್ಟಾಗಿ ಫೀಡರಿನ ತಂತಿಗೆ ಏರುತ್ತದೆ, ಲೈನು ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಮನುಷ್ಯನ ಕೈಗೆ ತಗಲುತ್ತದೆ.